ಹಿಮಾಲಯದ ಬೇರು ಹುಡುಕಿದವರು

1993ರ ಸೆಪ್ಟೆಂಬರ್ 30ರ ನಸುಕು. ಗಣಪತಿ ವಿಸರ್ಜನೆಯ ಗದ್ದಲವೆಲ್ಲ ಮುಗಿದು ಆಳಂದದ ನಮ್ಮ ಓಣಿ ಆಗಷ್ಟೇ ಮಲಗಿತ್ತು. ನಾಲ್ಕು ಗಂಟೆಗೆ ಇನ್ನೂ ನಾಲ್ಕು ನಿಮಿಷ ಬಾಕಿ ಇರುವಾಗ ಅಡುಗೆಮನೆಯ ತಟ್ಟೆ ಲೋಟಗಳು ಗಲಗಲ ಸದ್ದು ಮಾಡಿದವು. ಮಾಳಿಗೆಯ ಮಣ್ಣು ನಮ್ಮ ಹಾಸಿಗೆಗಳ ಮೇಲೆ ಉದುರಿತು. ದಾದಿ ಕತ್ತಲಲ್ಲೇ ಒಬ್ಬೊಬ್ಬರ ಕೈ ಹಿಡಿದು ಅಂಗಳಕ್ಕೆ ಎಳೆದು ತಂದರು. ಎಲ್ಲರನ್ನೂ ಎಣಿಸಿ, ಕೌದಿ ಹೊದಿಸಿ ಕೂರಿಸಿದ ಮೇಲೆ ನಿಧಾನವಾಗಿ ಹೇಳಿದರು: ‘ಗಾಯ್ ಸೀಂಗ್ ಬದ್ಲೀ, ಬಾಬಾ.’ ಹಸು ಕೊಂಬು ಬದಲಿಸಿತು ಎಂದರ್ಥ. ದಾದಿಯ ಲೋಕದಲ್ಲಿ ಭೂಮಿ ನಿಂತಿರುವುದು ಹಸುವೊಂದರ ಕೊಂಬಿನ ಮೇಲೆ. ಅದು ದಣಿದಾಗ ಭಾರವನ್ನು ಒಂದು ಕೊಂಬಿನಿಂದ ಇನ್ನೊಂದಕ್ಕೆ ಹೊರಳಿಸುತ್ತದೆ, ಆಗ ನೆಲ ನಡುಗುತ್ತದೆ. ಗೋಡೆಯಾಚೆ ಅಂಗಳದಲ್ಲಿ ಕುಳಿತಿದ್ದ ಪಕ್ಕದ ಮನೆಯ ಆಯಿ, ‘ಇಲ್ಲ ಬೂಬಮ್ಮ, ಆದಿಶೇಷ ಹೆಡಿ ತಿರುವ್ಯಾನ’ ಎಂದರು. ಇಬ್ಬರೂ ವಾದಕ್ಕೆ ಇಳಿಯಲಿಲ್ಲ. ಒಬ್ಬರ ಮಾತಿಗೆ ಇನ್ನೊಬ್ಬರು ಹೂಂಗುಟ್ಟಿದರು.

ಬೆಳಕು ಹರಿದ ಮೇಲೆ ರೇಡಿಯೋ ಸುದ್ದಿ ಹೇಳಿತು. ನಮ್ಮ ಗಡಿಯಾಚೆ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಗಿತ್ತು. ಆ ಒಂದು ನಡುಕದಲ್ಲಿ ಸತ್ತವರು ಸುಮಾರು ಹತ್ತು ಸಾವಿರ.

ಕೆಲವು ದಿನಗಳ ನಂತರ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು ಮೂರನೆಯ ಕಾರಣ ಹೇಳಿದರು. ನಮ್ಮ ಇಡೀ ದೇಶ ನಿಧಾನವಾಗಿ ಉತ್ತರಕ್ಕೆ ಸರಿಯುತ್ತಿದೆಯಂತೆ, ಅಲ್ಲಿ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯವನ್ನು ಎಬ್ಬಿಸಿದೆಯಂತೆ, ಆ ಒತ್ತಡ ಹಿಂದಕ್ಕೆ ಬಂದು ನಮ್ಮ ಕಪ್ಪು ನೆಲದ ಅಡಿಯಲ್ಲೂ ಕೂಡಿಕೊಳ್ಳುತ್ತದೆಯಂತೆ. ನಿಜ ಹೇಳಬೇಕೆಂದರೆ ನನಗೆ ಆಗ ದಾದಿಯ ಹಸುವೇ ಹೆಚ್ಚು ನಂಬಲರ್ಹವಾಗಿ ಕಂಡಿತ್ತು. ದೇಶ ನಡೆಯುತ್ತದೆ ಎಂಬುದು ಹಸುವಿನ ಕೊಂಬಿಗಿಂತ ವಿಚಿತ್ರವಾದ ಮಾತು.

ಆ ವಿಚಿತ್ರವಾದ ಮಾತು ನಿಜವೆಂದು ಮನುಷ್ಯ ಹೇಗೆ ತಿಳಿದುಕೊಂಡ ಎಂಬುದೇ ಒಂದು ಚರಿತ್ರೆ. ಅದು ಒಬ್ಬನ ಸಾಧನೆಯಲ್ಲ, ಒಂದು ದೇಶದ್ದೂ ಅಲ್ಲ, ಒಂದು ಧರ್ಮದವರದ್ದಂತೂ ಅಲ್ಲ.

ಗುಂಡುಕಲ್ಲು ಮತ್ತು ಜೇಡಿಮಣ್ಣು

ಸಾವಿರ ವರ್ಷಗಳ ಹಿಂದೆ ಅಬೂ ರೈಹಾನ್ ಅಲ್‌ಬಿರೂನಿ ಎಂಬ ಪಂಡಿತ ಪಂಜಾಬಿನ ಬಯಲುಗಳಲ್ಲಿ ಓಡಾಡಿದ್ದರು. ಅವರು ಹುಟ್ಟಿದ್ದು ಮಧ್ಯ ಏಷ್ಯಾದ ಖ್ವಾರಿಜ್ಮ್‌ನಲ್ಲಿ, 973ರಲ್ಲಿ. ಘಜ್ನಿಯ ಮಹಮೂದನ ಆಸ್ಥಾನಕ್ಕೆ ಸೇರಿದ ಮೇಲೆ ಈ ನೆಲಕ್ಕೆ ಬಂದರು. ಸೈನ್ಯ ಬಂದದ್ದು ಸಂಪತ್ತಿಗಾಗಿ, ಅಲ್‌ಬಿರೂನಿ ಬಂದದ್ದು ಸಂಸ್ಕೃತ ಕಲಿಯಲು ಎಂದರೆ ತಪ್ಪಾಗಲಾರದು. ಸುಮಾರು 1030ರಲ್ಲಿ ಮುಗಿಸಿದ ತಮ್ಮ ‘ಕಿತಾಬುಲ್ ಹಿಂದ್’ ಗ್ರಂಥದಲ್ಲಿ ಅವರು ಇಲ್ಲಿನ ಗಣಿತ, ಖಗೋಳ, ಆಚಾರ ವಿಚಾರಗಳ ನಡುವೆ ಇಲ್ಲಿನ ಮಣ್ಣನ್ನೂ ವಿವರಿಸಿದ್ದಾರೆ.

ಅವರು ಗಮನಿಸಿದ್ದು ಸರಳವಾದ ಸಂಗತಿ. ಬೆಟ್ಟದ ಬುಡದಲ್ಲಿ, ನದಿಗಳು ರಭಸದಿಂದ ಇಳಿಯುವಲ್ಲಿ ನೆಲದೊಳಗೆ ದೊಡ್ಡ ದೊಡ್ಡ ಗುಂಡುಕಲ್ಲುಗಳು ಸಿಗುತ್ತವೆ. ಬೆಟ್ಟದಿಂದ ದೂರ ಹೋದಂತೆ ಕಲ್ಲು ಚಿಕ್ಕದಾಗುತ್ತದೆ. ನದಿ ಸೋತು ನಿಧಾನವಾಗುವ ಕಡೆ, ಕಡಲಿನ ಸಮೀಪ, ಬರೀ ಮರಳು. ಕಲ್ಲನ್ನು ಹೀಗೆ ಅಳತೆಯ ಪ್ರಕಾರ ಜೋಡಿಸಿಟ್ಟವರು ಯಾರು? ನೀರು ಎಂದರು ಅಲ್‌ಬಿರೂನಿ. ಈ ಬಯಲು ಒಂದು ಕಾಲಕ್ಕೆ ಕಡಲಾಗಿತ್ತು, ಬೆಟ್ಟದ ನದಿಗಳು ಹೊತ್ತು ತಂದ ಮೆಕ್ಕಲಿನಿಂದ ಅದು ತುಂಬಿಹೋಯಿತು ಎಂಬುದು ಅವರ ತೀರ್ಮಾನ.

ಇಂದಿನ ವಿಜ್ಞಾನದ ಪ್ರಕಾರ ಅವರ ಊಹೆಯ ಹೆಚ್ಚಿನ ಭಾಗ ಸರಿ. ಸಿಂಧೂ-ಗಂಗಾ ಬಯಲೆಂದರೆ ಹಿಮಾಲಯದ ಭಾರಕ್ಕೆ ಬಾಗಿ ತಗ್ಗಾದ ನೆಲ. ಆ ತಗ್ಗಿನಲ್ಲಿ ಕೆಲವೆಡೆ ಕಿಲೋಮೀಟರುಗಟ್ಟಲೆ ಆಳದವರೆಗೆ ನದಿಗಳು ತಂದ ಮೆಕ್ಕಲೇ ತುಂಬಿದೆ. ಆದರೆ ನಿಜವಾದ ಮಹಾಸಾಗರ ಇದ್ದದ್ದು ಅದರಿಂದ ಉತ್ತರಕ್ಕೆ, ಬೆಟ್ಟಗಳ ಆಚೆ. ಅದನ್ನು ಕಾಣಲು ಇನ್ನೂ ಒಂಬತ್ತು ಶತಮಾನ ಬೇಕಾಯಿತು.

ಅಲ್‌ಬಿರೂನಿಯವರ ಸಮಕಾಲೀನರೂ, ಅವರೊಂದಿಗೆ ಪತ್ರಗಳಲ್ಲಿ ಖಾರವಾಗಿ ವಾದಿಸಿದವರೂ ಆದ ಇಬ್ನ್ ಸೀನಾ ಅವರನ್ನು ನಾವು ವೈದ್ಯರೆಂದೇ ಬಲ್ಲೆವು. ಅವರ ‘ಕಿತಾಬುಶ್ಶಿಫಾ’ದಲ್ಲಿ ಬೆಟ್ಟಗಳ ಹುಟ್ಟಿನ ಬಗ್ಗೆ ಒಂದು ಭಾಗವಿದೆ. ಅವರು ಬಾಲ್ಯದಲ್ಲಿ ಅಮೂ ದರಿಯಾ ನದಿಯ ದಡದಲ್ಲಿ ಜನ ತಲೆ ತೊಳೆಯಲು ಬಳಸುವ ಜೇಡಿಮಣ್ಣನ್ನು ನೋಡಿದ್ದರು. ಸುಮಾರು 23 ವರ್ಷಗಳ ನಂತರ ನೋಡಿದಾಗ ಅದೇ ಮಣ್ಣು ಮೆದುವಾದ ಕಲ್ಲಾಗಿತ್ತು. ಮಣ್ಣು ಕಲ್ಲಾಗುತ್ತದೆ ಎಂದ ಮೇಲೆ ಬೆಟ್ಟಗಳ ಕಲ್ಲಿನಲ್ಲಿ ಜಲಚರಗಳ ಗುರುತು ಸಿಗುವುದರಲ್ಲಿ ಆಶ್ಚರ್ಯವೇನು? ಬೆಟ್ಟ ಎರಡು ಬಗೆಯಲ್ಲಿ ಆಗುತ್ತದೆ ಎಂದು ಅವರು ಬರೆದರು. ಒಂದು, ಭೂಕಂಪದಂಥ ಶಕ್ತಿಯಿಂದ ನೆಲ ಮೇಲೇಳುವುದು. ಇನ್ನೊಂದು, ನೀರು ಕಣಿವೆಗಳನ್ನು ಕೊರೆದು ನಡುವಿನ ಭಾಗ ಎತ್ತರವಾಗಿ ಉಳಿಯುವುದು. ಇದಕ್ಕೆ ಬಹಳ ದೀರ್ಘ ಕಾಲ ಹಿಡಿಯುತ್ತದೆ ಎಂಬುದನ್ನೂ ಸೇರಿಸಿದರು. ಈ ಭಾಗ 1200ರ ಸುಮಾರಿಗೆ ಲ್ಯಾಟಿನ್‌ಗೆ ಅನುವಾದವಾಗಿ, ಬಹುಕಾಲ ಅರಿಸ್ಟಾಟಲನದೆಂದೇ ಯುರೋಪಿನಲ್ಲಿ ಓದಿಸಿಕೊಂಡಿತು.

ಇವರಿಬ್ಬರನ್ನು ಹಿಡಿದುಕೊಂಡು, ‘ಎಲ್ಲವನ್ನೂ ನಮ್ಮವರು ಆಗಲೇ ಹೇಳಿದ್ದರು’ ಎಂದು ಬೀಗುವ ಅಭ್ಯಾಸ ನಮ್ಮಲ್ಲಿದೆ. ಅದು ಅವರಿಗೆ ಮಾಡುವ ಗೌರವವಲ್ಲ. ಖಂಡಗಳು ಚಲಿಸುತ್ತವೆಂದು ಅವರು ಹೇಳಲಿಲ್ಲ, ಹೇಳಲು ಅವರ ಬಳಿ ಪುರಾವೆಯೂ ಇರಲಿಲ್ಲ. ಕಣ್ಣೆದುರಿನ ಕಲ್ಲನ್ನು ನಂಬಿದರು, ಅದು ಹೇಳಿದ್ದಕ್ಕಿಂತ ಹೆಚ್ಚು ಹೇಳಲಿಲ್ಲ. ಅವರ ದೊಡ್ಡತನ ಇರುವುದು ಅಲ್ಲಿಯೇ.

ತೂಗುಗುಂಡಿನ ತಕರಾರು

ಕಥೆಯ ಮುಂದಿನ ಅಧ್ಯಾಯ ನಮ್ಮ ಕರ್ನಾಟಕದಿಂದಲೇ ಶುರುವಾಗುತ್ತದೆ. 1799ರಲ್ಲಿ ಟಿಪ್ಪು ಸುಲ್ತಾನರ ಶ್ರೀರಂಗಪಟ್ಟಣವನ್ನು ಮುತ್ತಿದ ಸೈನ್ಯದಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿ ಇದ್ದ. ಯುದ್ಧ ಮುಗಿದ ಮೇಲೆ ಅವನು ಗೆದ್ದ ನಾಡನ್ನು ಅಳೆಯುವ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನ ಬಳಿ ಒಂದು ಅಡಿರೇಖೆಯನ್ನು ಅಳೆದ. 1802ರಲ್ಲಿ ಮದ್ರಾಸಿನಲ್ಲಿ ಇನ್ನೊಂದನ್ನು ಅಳೆಯುವುದರೊಂದಿಗೆ ಆ ಮಹಾ ಕೆಲಸ ವಿಧಿವತ್ತಾಗಿ ಆರಂಭವಾಯಿತು. ಒಂದು ರೇಖೆಯ ಉದ್ದ ಗೊತ್ತಿದ್ದರೆ, ಅದರ ಎರಡು ತುದಿಗಳಿಂದ ದೂರದ ಒಂದು ಬಿಂದುವಿನ ಕೋನಗಳನ್ನು ಅಳೆದು ತ್ರಿಕೋನ ಪೂರ್ತಿ ಮಾಡಬಹುದು. ಆ ತ್ರಿಕೋನದ ಮೇಲೆ ಮತ್ತೊಂದು ತ್ರಿಕೋನ. ಹೀಗೆ ತ್ರಿಕೋನಗಳ ಸರಪಳಿ ಕನ್ಯಾಕುಮಾರಿಯ ಕಡೆಯಿಂದ ಹಿಮಾಲಯದ ಬುಡದವರೆಗೆ ಬೆಳೆಯಿತು. 1823ರಲ್ಲಿ ಲ್ಯಾಂಬ್ಟನ್ ತೀರಿಕೊಂಡಾಗ ಜಾರ್ಜ್ ಎವರೆಸ್ಟ್ ಆ ಜಾಗಕ್ಕೆ ಬಂದ.

ಈ ಕೆಲಸದ ಚರಿತ್ರೆಯಲ್ಲಿ ದೊರೆಗಳ ಹೆಸರುಗಳೇ ಎದ್ದು ಕಾಣುತ್ತವೆ. ಅವರ ಉಪಕರಣಗಳನ್ನು ದುರಸ್ತಿ ಮಾಡಿ, ಕೂದಲೆಳೆಯಷ್ಟು ತಪ್ಪಿಲ್ಲದಂತೆ ಹೊಂದಿಸಿ ಕೊಟ್ಟವರಲ್ಲಿ ಆರ್ಕಾಟಿನ ಸಯ್ಯದ್ ಮೀರ್ ಮೊಹ್ಸಿನ್ ಹುಸೇನ್ ಒಬ್ಬರು. ಇಂಗ್ಲೆಂಡಿನಿಂದ ಬಂದಿದ್ದ ಉಪಕರಣ ತಯಾರಕ ಹೆನ್ರಿ ಬ್ಯಾರೋ ಹೊರಟುಹೋದ ನಂತರ ಆ ಹುದ್ದೆಯ ಕೆಲಸವನ್ನು ಅವರು ನಿಭಾಯಿಸಿದರು. ಕಲ್ಕತ್ತೆಯ ಕಚೇರಿಯಲ್ಲಿ ಲೆಕ್ಕ ಹಾಕುತ್ತಿದ್ದವರ ಮುಖ್ಯಸ್ಥ ಬಂಗಾಳದ ರಾಧಾನಾಥ ಸಿಕ್ದಾರ್. ಬಯಲಿನಿಂದ ನೋಡಿ ಅಳೆದ ‘15ನೇ ಶಿಖರ’ ಜಗತ್ತಿನಲ್ಲೇ ಅತಿ ಎತ್ತರದ್ದೆಂದು ಲೆಕ್ಕಪತ್ರದಲ್ಲಿ ಕಂಡದ್ದು 1852ರಲ್ಲಿ ಎನ್ನುತ್ತಾರೆ. 1856ರಲ್ಲಿ ಅದರ ಎತ್ತರ 29,002 ಅಡಿ ಎಂದು ಪ್ರಕಟವಾಯಿತು. ನೇಪಾಳ ಮತ್ತು ಚೀನಾ 2020ರಲ್ಲಿ ಒಟ್ಟಾಗಿ ಘೋಷಿಸಿದ ಎತ್ತರ 8,848.86 ಮೀಟರ್. ಎರಡರ ನಡುವಿನ ವ್ಯತ್ಯಾಸ ಹತ್ತು ಮೀಟರನ್ನೂ ಮುಟ್ಟುವುದಿಲ್ಲ. ಶಿಖರಕ್ಕೆ ಮಾತ್ರ ಎವರೆಸ್ಟನ ಹೆಸರು ಬಿತ್ತು.

ಆದರೆ ನಮ್ಮ ಕಥೆಗೆ ಬೇಕಾದದ್ದು ಶಿಖರವಲ್ಲ, ಒಂದು ಸಣ್ಣ ತಪ್ಪು. ಮಧ್ಯ ಭಾರತದ ಕಲ್ಯಾಣಪುರ ಮತ್ತು ಉತ್ತರದ ಬಯಲಿನ ಕಲ್ಯಾಣ ಎಂಬ ಎರಡು ಠಾಣೆಗಳ ನಡುವಿನ ಅಂತರವನ್ನು ಎರಡು ರೀತಿಯಲ್ಲಿ ಅಳೆಯಲಾಗಿತ್ತು. ತ್ರಿಕೋನಗಳ ಲೆಕ್ಕ ಒಂದು, ನಕ್ಷತ್ರಗಳನ್ನು ನೋಡಿ ಮಾಡಿದ ಲೆಕ್ಕ ಇನ್ನೊಂದು. ಎರಡಕ್ಕೂ 5.236 ವಿಕಲೆಗಳ ವ್ಯತ್ಯಾಸ ಬಂತು. ನೆಲದ ಮೇಲೆ ಅದು ಸುಮಾರು 160 ಮೀಟರ್. ಆರುನೂರು ಕಿಲೋಮೀಟರ್ ದೂರದಲ್ಲಿ ಇಷ್ಟು ಸಣ್ಣ ತಪ್ಪನ್ನು ಯಾರು ಬೇಕಾದರೂ ಮರೆತುಬಿಡಬಹುದಿತ್ತು. ಅವರು ಮರೆಯಲಿಲ್ಲ.

ಕಲ್ಕತ್ತೆಯ ಚರ್ಚಿನ ಹಿರಿಯ ಪಾದ್ರಿಯೂ ಗಣಿತಜ್ಞರೂ ಆಗಿದ್ದ ಜಾನ್ ಪ್ರ್ಯಾಟ್ ಅದಕ್ಕೆ ಕಾರಣ ಹುಡುಕಿದರು. ಮನೆ ಕಟ್ಟುವ ಗಾರೆಯವರ ಕೈಯಲ್ಲಿ ತೂಗುಗುಂಡನ್ನು ನಾವೆಲ್ಲ ನೋಡಿದ್ದೇವೆ. ದಾರಕ್ಕೆ ಕಟ್ಟಿದ ಆ ಗುಂಡು ನೇರ ಕೆಳಗೆ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆ ಗೋಡೆ ಏಳುತ್ತದೆ, ನಕ್ಷತ್ರದ ಅಳತೆಯೂ ನಿಲ್ಲುತ್ತದೆ. ಆದರೆ ಪಕ್ಕದಲ್ಲಿ ಹಿಮಾಲಯದಂಥ ರಾಶಿ ಇದ್ದರೆ ಅದರ ಗುರುತ್ವಾಕರ್ಷಣೆ ಗುಂಡನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಳ್ಳುತ್ತದೆ. ಎಷ್ಟು ಎಳೆಯಬೇಕು ಎಂದು ಪ್ರ್ಯಾಟ್ ಲೆಕ್ಕ ಹಾಕಿದಾಗ ಹೊಸ ಒಗಟು ಎದುರಾಯಿತು. ಬೆಟ್ಟದ ಗಾತ್ರ ನೋಡಿದರೆ ವ್ಯತ್ಯಾಸ 15.885 ವಿಕಲೆ ಇರಬೇಕಿತ್ತು. ಇದ್ದದ್ದು ಅದರ ಮೂರನೇ ಒಂದು ಪಾಲು ಮಾತ್ರ. ಅಂದರೆ ಹಿಮಾಲಯ ಕಾಣುವಷ್ಟು ಭಾರವಾಗಿಲ್ಲ!

1855ರಲ್ಲಿ ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ ಇದಕ್ಕೆ ಒಂದು ಉತ್ತರ ಕೊಟ್ಟರು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳನ್ನು ನೆನೆಯಿರಿ. ಯಾವ ದಿಮ್ಮಿ ನೀರಿನ ಮೇಲೆ ಹೆಚ್ಚು ಎತ್ತರ ಕಾಣುತ್ತದೋ ಅದು ನೀರಿನೊಳಗೂ ಅಷ್ಟೇ ಆಳಕ್ಕೆ ಇಳಿದಿರುತ್ತದೆ. ಬೆಟ್ಟಕ್ಕೂ ಹಾಗೆ ಆಳವಾದ ಬೇರಿದೆ. ಸುತ್ತಲಿನ ಭಾರವಾದ ಶಿಲೆಯ ನಡುವೆ ಈ ಹಗುರವಾದ ಬೇರು ಇಳಿದಿರುವುದರಿಂದ ಒಟ್ಟು ಎಳೆತ ಕಡಿಮೆಯಾಗಿದೆ. ಪ್ರ್ಯಾಟ್ ಮುಂದೆ ಬೇರೆಯೇ ವಿವರಣೆ ಕೊಟ್ಟರು. ಆದರೆ ಹಿಮಾಲಯದ ಮಟ್ಟಿಗೆ ಏರಿಯ ಮಾತೇ ಹೆಚ್ಚು ಹೊಂದಿತು. ಸಾಮಾನ್ಯವಾಗಿ ಖಂಡಗಳ ಕೆಳಗೆ 35-40 ಕಿಲೋಮೀಟರ್ ದಪ್ಪವಿರುವ ಭೂಚಿಪ್ಪು ಟಿಬೆಟ್ಟಿನ ಕೆಳಗೆ ಸುಮಾರು 70 ಕಿಲೋಮೀಟರ್ ಇದೆ ಎಂದು ಈಗ ಗೊತ್ತಾಗಿದೆ.

ಬೇರು ಸಿಕ್ಕಿತು. ಆದರೆ ಭೂಚಿಪ್ಪು ಅಲ್ಲಿ ಮಾತ್ರ ಎರಡು ಪಟ್ಟು ದಪ್ಪವಾದದ್ದು ಹೇಗೆ?

ಕಡಲು ಎಲ್ಲಿ ಹೋಯಿತು?

ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಇದಕ್ಕೆ ಒಣಗಿದ ಸೇಬುಹಣ್ಣಿನ ಉದಾಹರಣೆ ಕೊಡುತ್ತಿದ್ದರು. ಭೂಮಿ ತಣ್ಣಗಾಗುತ್ತಾ ಕುಗ್ಗುತ್ತಿದೆ, ಸಿಪ್ಪೆ ಸುಕ್ಕುಗಟ್ಟಿ ಬೆಟ್ಟಗಳಾಗಿವೆ ಎಂಬುದು ಅವರ ವಾದ. ಆಸ್ಟ್ರಿಯಾದ ಎಡ್ವರ್ಡ್ ಸ್ಯೂಸ್ ಕೂಡ ಹಾಗೆಯೇ ನಂಬಿದ್ದರು. ಆದರೆ ಎರಡು ಹೆಸರುಗಳನ್ನು ಅವರು ನಮಗೆ ಬಿಟ್ಟುಹೋದರು. ಭಾರತ, ಆಫ್ರಿಕಾ ಮುಂತಾದ ನೆಲಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದ ಮಹಾಖಂಡಕ್ಕೆ, ನಮ್ಮ ಮಧ್ಯ ಭಾರತದ ಗೊಂಡರ ನಾಡಿನ ಹೆಸರಿನಿಂದ ‘ಗೊಂಡ್ವಾನಾ’ ಎಂದರು. ಹಿಮಾಲಯದ ಜಾಗದಲ್ಲಿದ್ದು ಮಾಯವಾದ ಸಾಗರಕ್ಕೆ 1893ರಲ್ಲಿ ‘ಟೆಥಿಸ್’ ಎಂದು ಹೆಸರಿಟ್ಟರು.

ಕಡಲು ಇತ್ತೆಂಬುದಕ್ಕೆ ಸಾಕ್ಷಿ ಬೆಟ್ಟದಲ್ಲೇ ಇತ್ತು. ಎವರೆಸ್ಟ್ ಶಿಖರದ ತುದಿಯಲ್ಲಿರುವುದು ಸುಣ್ಣಕಲ್ಲು, ಅದರೊಳಗೆ 45 ಕೋಟಿ ವರ್ಷಗಳಿಗೂ ಹಿಂದಿನ ಕಡಲ ಜೀವಿಗಳ ತುಣುಕುಗಳಿವೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮವನ್ನು ನಮ್ಮ ನೆರೆಹೊರೆಯವರು ದೇವರ ಮನೆಯಲ್ಲಿಟ್ಟು ಪೂಜಿಸುತ್ತಾರೆ. ಅದರಲ್ಲಿ ಕಾಣುವ ಚಕ್ರ ಟೆಥಿಸ್ ಸಾಗರದಲ್ಲಿ ಈಜಾಡಿದ ಅಮೋನೈಟ್ ಎಂಬ ಜೀವಿಯ ಸುರುಳಿ ಚಿಪ್ಪಿನ ಅಚ್ಚು. ಕಾಶ್ಮೀರದ ಕಣಿವೆ ಒಮ್ಮೆ ಸತೀಸರವೆಂಬ ಸರೋವರವಾಗಿತ್ತು ಎಂಬ ಐತಿಹ್ಯವನ್ನು ಕಲ್ಹಣನ ‘ರಾಜತರಂಗಿಣಿ’ ಹೇಳುತ್ತದೆ. ಇಂದು ಕೇಸರಿ ಬೆಳೆಯುವ ಅಲ್ಲಿನ ಕರೇವಾ ದಿಬ್ಬಗಳು ನಿಜಕ್ಕೂ ಸರೋವರದ ತಳದ ಮಣ್ಣು. ಆದರೆ ಆ ಸರೋವರ ಬಹಳ ಈಚಿನದು. ಪೀರ್ ಪಂಜಾಲ್ ಶ್ರೇಣಿ ಎದ್ದು ನೀರಿಗೆ ಅಡ್ಡ ನಿಂತಾಗ ಆದದ್ದು.

1912ರಲ್ಲಿ ಜರ್ಮನಿಯ ಹವಾಮಾನ ವಿಜ್ಞಾನಿ ಆಲ್ಫ್ರೆಡ್ ವೆಗೆನರ್ ಖಂಡಗಳೇ ಚಲಿಸುತ್ತವೆ ಎಂದಾಗ ಭೂವಿಜ್ಞಾನಿಗಳು ನಕ್ಕರು. ಯಾವ ಬಲ ಅವನ್ನು ತಳ್ಳುತ್ತದೆ ಎಂಬ ಪ್ರಶ್ನೆಗೆ ಅವರ ಬಳಿ ಒಪ್ಪುವಂಥ ಉತ್ತರ ಇರಲಿಲ್ಲ. ನಂಬಿದವರು ಕೆಲವರೇ. ಸ್ವಿಟ್ಜರ್ಲೆಂಡಿನ ಎಮಿಲ್ ಆರ್ಗಾಂಡ್ 1922ರಲ್ಲಿ ಬ್ರಸೆಲ್ಸ್‌ನ ಸಮ್ಮೇಳನದಲ್ಲಿ, ಭಾರತ ಏಷ್ಯಾಕ್ಕೆ ಒತ್ತಿ ಅದರ ಅಡಿಗೆ ನುಗ್ಗಿದ್ದರಿಂದಲೇ ಹಿಮಾಲಯವೂ ಟಿಬೆಟ್ಟೂ ಎದ್ದವು ಎಂದು ವಿವರಿಸಿದರು. ವೆಗೆನರ್ 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಾಗ ಅವರ ಸಿದ್ಧಾಂತವನ್ನು ಹೆಚ್ಚಿನವರು ಇನ್ನೂ ಒಪ್ಪಿರಲಿಲ್ಲ.

ಅದೇ ಕಾಲದಲ್ಲಿ ನಮ್ಮವರಾದ ಡಿ.ಎನ್. ವಾಡಿಯಾ, ಜಮ್ಮುವಿನಲ್ಲಿ ಅಧ್ಯಾಪಕರಾಗಿದ್ದಾಗಿನಿಂದಲೂ ವಾಯವ್ಯ ಹಿಮಾಲಯದ ಬಂಡೆಗಳನ್ನು ಸುತ್ತಿ ನೋಡಿದವರು, 1931ರಲ್ಲಿ ಒಂದು ಮಹತ್ವದ ಪ್ರಬಂಧ ಪ್ರಕಟಿಸಿದರು. ಪಶ್ಚಿಮದ ತುದಿಯಲ್ಲಿ ಹಿಮಾಲಯದ ಪದರಗಳು ಮೊಣಕೈಯಂತೆ ಚೂಪಾಗಿ ಬಾಗಿವೆ. ಭಾರತದ ನೆಲದ ಮುಂಚಾಚಿದ ಮೂಲೆಯೊಂದು ಒಳನುಗ್ಗಿ, ಪದರಗಳು ಅದರ ಸುತ್ತ ಸುತ್ತಿಕೊಂಡಿವೆ ಎಂದರು ಅವರು. ಆ ಬಾಗು ಇರುವ ಜಾಗವನ್ನು ನೆನಪಿಡಿ, ಮತ್ತೆ ಅಲ್ಲಿಗೆ ಬರಬೇಕಾಗುತ್ತದೆ.

ಕೊನೆಗೆ ಸಾಕ್ಷಿ ಹೇಳಿದ್ದು ನಮ್ಮ ಕಪ್ಪು ಕಲ್ಲು. ಮಹಾರಾಷ್ಟ್ರದಿಂದ ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯವರೆಗೆ ಹಬ್ಬಿರುವ ದಖನ್ನಿನ ಈ ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆಗಿ ಹರಿದದ್ದು. ವಿಜಯಪುರದ ಗೋಲ ಗುಮ್ಮಟ ನಿಂತಿರುವುದು ಈ ಕಲ್ಲಿನಿಂದಲೇ. ಲಾವಾ ಆರುವಾಗ ಅದರೊಳಗಿನ ಕಬ್ಬಿಣದ ಕಣಗಳು ಆ ಹೊತ್ತಿನ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ದಿಕ್ಕಿನ ಓರೆಯಿಂದ ಕಲ್ಲು ಯಾವ ಅಕ್ಷಾಂಶದಲ್ಲಿ ಹುಟ್ಟಿತು ಎಂದು ತಿಳಿಯಬಹುದು. 1950ರ ದಶಕದಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಬ್ಲಾಕೆಟ್ ಅವರ ತಂಡ ದಖನ್ನಿನ ಕಲ್ಲುಗಳನ್ನು ಪರೀಕ್ಷಿಸಿದಾಗ, ಅವು ಸಮಭಾಜಕ ವೃತ್ತದ ದಕ್ಷಿಣಕ್ಕೆ ಹುಟ್ಟಿದವು ಎಂದು ಗೊತ್ತಾಯಿತು. ಕಲ್ಲು ಒಂದೇ ಬಂದಿರಲಾರದು, ಅದರ ಕೆಳಗಿನ ದೇಶವೂ ಬಂದಿರಬೇಕು! 1960ರ ದಶಕದಲ್ಲಿ ಸಾಗರತಳಗಳು ಹರಡುತ್ತಿವೆ ಎಂಬುದು ಸಾಬೀತಾದ ಮೇಲೆ, ಭೂಮಿಯ ಹೊರಪದರ ಹಲವು ಫಲಕಗಳಾಗಿ ಒಡೆದಿದೆ, ಅವು ಚಲಿಸುತ್ತಿವೆ ಎಂಬ ಸಿದ್ಧಾಂತ ಗಟ್ಟಿಯಾಗಿ ನಿಂತಿತು.

ನಿಲ್ಲದ ಡಿಕ್ಕಿ

ಈಗ ನಮಗೆ ತಿಳಿದಿರುವ ಕಥೆ ಹೀಗಿದೆ. ಗೊಂಡ್ವಾನಾದಿಂದ ಕಳಚಿಕೊಂಡ ಭಾರತ, ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರನ್ನೂ ಬಿಟ್ಟು ಉತ್ತರಕ್ಕೆ ಹೊರಟಿತು. ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂಟಿಮೀಟರಿಗೂ ಹೆಚ್ಚು ಇತ್ತು. ಫಲಕಗಳ ಲೋಕದಲ್ಲಿ ಅದು ಓಟವೇ ಸರಿ. ಎದುರಿಗಿದ್ದ ಟೆಥಿಸ್ ಸಾಗರದ ತಳ ಭಾರವಾದ ಶಿಲೆಯದಾದ್ದರಿಂದ ಏಷ್ಯಾದ ಅಡಿಗೆ ಮುಳುಗುತ್ತಾ, ಹಿಂದಿದ್ದ ಭಾರತವನ್ನೂ ಎಳೆಯುತ್ತಾ ಹೋಯಿತು. ಸುಮಾರು 5 ಕೋಟಿ ವರ್ಷಗಳ ಹಿಂದೆ ಸಾಗರ ಮುಗಿದು ನೆಲಕ್ಕೆ ನೆಲ ತಾಗಿತು.

ಖಂಡದ ಶಿಲೆ ಹಗುರ, ಅದು ಸುಲಭವಾಗಿ ಮುಳುಗುವುದಿಲ್ಲ. ಹಾಗಾಗಿ ಎರಡೂ ಕಡೆಯ ಅಂಚುಗಳು ಮಡಚಿಕೊಂಡವು, ಸೀಳಿ ಒಂದರ ಮೇಲೊಂದು ಏರಿದವು. ಹಾಸಿದ ಜಮಖಾನೆಯನ್ನು ಗೋಡೆಗೆ ಒತ್ತಿ ನೂಕಿದರೆ ಮಡಿಕೆಗಳೇಳುವುದನ್ನು ನೋಡಿದ್ದೇವಲ್ಲ, ಹಾಗೆ. ಏರಿ ಹೇಳಿದ ಬೇರು ಬಂದದ್ದು ಹೀಗೆ. ಲಡಾಖಿನಲ್ಲಿ ಸಿಂಧೂ ಕಣಿವೆಯ ಗುಂಟ, ಟಿಬೆಟ್ಟಿನಲ್ಲಿ ತ್ಸಾಂಗ್‌ಪೋ ನದಿಯ ಗುಂಟ ಟೆಥಿಸ್‌ನ ತಳದ ಶಿಲೆಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ. ಅದು ಎರಡು ಖಂಡಗಳನ್ನು ಕೂಡಿಸಿದ ಹೊಲಿಗೆ. ಎಲ್ಲ ಬೆಟ್ಟಗಳೂ ಹೀಗೆ ಹುಟ್ಟಿದವಲ್ಲ. ನಮ್ಮ ಪಶ್ಚಿಮ ಘಟ್ಟ ಕೂಡಿದ್ದರಿಂದ ಎದ್ದದ್ದಲ್ಲ, ಖಂಡ ಹರಿದು ದೂರವಾದಾಗ ಉಳಿದ ಅಂಚು ಅದು.

ಹಿಮಾಲಯದ ಡಿಕ್ಕಿ ಮುಗಿದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಪಗ್ರಹಗಳ ಸಂಕೇತ ಹಿಡಿದು ನೆಲದ ಚಲನೆಯನ್ನು ಅಳೆಯುವ ಕೇಂದ್ರವಿದೆ. ದಕ್ಷಿಣ ಭಾರತ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಈಶಾನ್ಯಕ್ಕೆ ಸರಿಯುತ್ತಿದೆ ಎಂದು ಇಂಥ ಕೇಂದ್ರಗಳ ಅಳತೆ ಹೇಳುತ್ತದೆ. ಲ್ಯಾಂಬ್ಟನ್ 1800ರಲ್ಲಿ ಅದೇ ಊರಿನ ಬಳಿ ಅಳೆದ ರೇಖೆ ಅಂದಿನಿಂದ ಹತ್ತು ಮೀಟರಿಗೂ ಹೆಚ್ಚು ದೂರ ಸಾಗಿ ಹೋಗಿದೆ, ಅದರ ಜೊತೆಗೆ ನಾವೂ.

ಈ ಚಲನೆಯಲ್ಲಿ ವರ್ಷಕ್ಕೆ ಸುಮಾರು 2 ಸೆಂಟಿಮೀಟರಿನಷ್ಟನ್ನು ಹಿಮಾಲಯವೇ ಹೀರಿಕೊಳ್ಳುತ್ತದೆ. ಅದರ ಅಡಿಯ ಬಿರುಕು ಸದಾ ಜಾರುವುದಿಲ್ಲ. ಕಚ್ಚಿಕೊಂಡು ನಿಂತು, ನೂರಾರು ವರ್ಷಗಳ ಬಾಕಿಯನ್ನು ಕೂಡಿಟ್ಟು, ಒಂದು ದಿನ ನಿಮಿಷದೊಳಗೆ ತೀರಿಸಿಬಿಡುತ್ತದೆ. 1905ರಲ್ಲಿ ಕಾಂಗ್ರಾ, 1934ರಲ್ಲಿ ಬಿಹಾರ-ನೇಪಾಳ, 1950ರಲ್ಲಿ ಅಸ್ಸಾಂ, 2005ರಲ್ಲಿ ಕಾಶ್ಮೀರ, 2015ರಲ್ಲಿ ನೇಪಾಳ. ನೇಪಾಳದ ಆ ಭೂಕಂಪದಲ್ಲಿ ಕಾಠ್ಮಂಡುವಿನ ನೆಲ ಸುಮಾರು ಒಂದು ಮೀಟರ್ ಮೇಲಕ್ಕೆದ್ದಿತು. ಬೆಟ್ಟ ಬೆಳೆಯುವುದೆಂದರೆ ಹೀಗೆ. ಆ ದಿನ ಸುಮಾರು ಒಂಬತ್ತು ಸಾವಿರ ಜನ ಸತ್ತರು.

ತಪ್ಪು ಯಾರದು?

1934ರ ಜನವರಿಯಲ್ಲಿ ಬಿಹಾರ ನಲುಗಿದಾಗ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಗಾಂಧೀಜಿ ಹೇಳಿದರು. ಅಸ್ಪೃಶ್ಯತೆಯನ್ನು ಅಷ್ಟೇ ವಿರೋಧಿಸುತ್ತಿದ್ದ ರವೀಂದ್ರನಾಥ ಠಾಕೂರರು ಅದನ್ನು ಒಪ್ಪಲಿಲ್ಲ. ಭೌತಿಕ ಅನಾಹುತಕ್ಕೆ ಭೌತಿಕ ಕಾರಣಗಳೇ ಇರುತ್ತವೆ ಎಂಬುದು ಅವರ ನಿಲುವು. ಗಾಂಧೀಜಿ ಆ ಆಕ್ಷೇಪವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಪ್ರಕಟಿಸಿ ಉತ್ತರಿಸಿದರು. ಭಿನ್ನಾಭಿಪ್ರಾಯವನ್ನು ಹೀಗೆ ಗೌರವಿಸಿದ ರೀತಿ ದೊಡ್ಡದು. ಆದರೆ ವಾದದಲ್ಲಿ ಠಾಕೂರರೇ ಸರಿ ಎಂದು ನನಗನ್ನಿಸುತ್ತದೆ. ಆ ಅವಶೇಷಗಳ ಅಡಿ ಸಿಕ್ಕಿ ಸತ್ತವರಲ್ಲಿ ಅಸ್ಪೃಶ್ಯತೆಯನ್ನು ಅನುಭವಿಸಿದವರೂ ಇದ್ದರಲ್ಲವೇ?

2005ರ ಅಕ್ಟೋಬರ್ 8, ರಮಝಾನಿನ ಮೊದಲ ವಾರ. ಸಹರಿ ಮುಗಿಸಿ ಕೆಲವರು ಮತ್ತೆ ಮಲಗಿದ್ದರು, ಮಕ್ಕಳು ಶಾಲೆಗೆ ಹೋಗಿದ್ದರು. ಬೆಳಗಿನ ಹೊತ್ತಿನಲ್ಲಿ, ವಾಡಿಯಾ ಗುರುತಿಸಿದ್ದ ಅದೇ ಬಾಗಿನಲ್ಲಿ ನೆಲ ಸೀಳಿತು. ಪಾಕಿಸ್ತಾನದ ಕಡೆ 73,000ಕ್ಕೂ ಹೆಚ್ಚು ಜನ, ಭಾರತದ ಕಡೆ ಸುಮಾರು 1,300 ಜನ ಸತ್ತರು. ಸಾವಿರಾರು ಮಕ್ಕಳು ಶಾಲೆಯ ಛಾವಣಿಗಳ ಅಡಿಯಲ್ಲೇ ಮುಗಿದುಹೋದರು. ಗಡಿ ನಿಯಂತ್ರಣ ರೇಖೆ ಬಿರುಕಿಗೆ ಕಾಣಲಿಲ್ಲ. ಮುಝಫ್ಫರಾಬಾದ್, ಬಾಲಾಕೋಟ್, ಉರಿ, ತಂಗ್ಧಾರ್ ಎಲ್ಲವೂ ಒಟ್ಟಿಗೆ ಕುಸಿದವು. ಮರುತಿಂಗಳು ಎರಡೂ ಸರಕಾರಗಳು ಆ ರೇಖೆಯಲ್ಲಿ ಐದು ಕಡೆ ದಾರಿ ತೆರೆಯಬೇಕಾಯಿತು.

ಆಗಲೂ ಪಾಪ, ಶಿಕ್ಷೆಗಳ ಮಾತು ಕೇಳಿಬಂತು. ಇಂಥ ಮಾತು ಯಾವುದೇ ಒಂದು ಧರ್ಮದವರ ಸೊತ್ತಲ್ಲ. ಸತ್ತ ಮಗುವಿನ ತಾಯಿಗೆ ಅದನ್ನು ಹೇಳುವವನು ಎರಡು ಅನ್ಯಾಯ ಮಾಡುತ್ತಾನೆ. ಅವಳ ದುಃಖದ ಮೇಲೆ ಅಪರಾಧವನ್ನೂ ಹೊರಿಸುತ್ತಾನೆ. ಜೊತೆಗೆ ಕಳಪೆ ಸಿಮೆಂಟು, ಸಾಲದ ಕಬ್ಬಿಣದಲ್ಲಿ ಆ ಶಾಲೆಯನ್ನು ಕಟ್ಟಿದವನನ್ನು ಬಿಡುಗಡೆ ಮಾಡುತ್ತಾನೆ.

ಕಾಶ್ಮೀರದಲ್ಲಿ ಹಳೆಯ ಕಾಲದ ಒಂದು ಬಗೆಯ ಮನೆಗಳಿವೆ. ಗೋಡೆಯುದ್ದಕ್ಕೂ ಮರದ ಅಡ್ಡ, ಉದ್ದ, ಓರೆ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಸಣ್ಣ ಸಣ್ಣ ಖಾನೆಗಳಲ್ಲಿ ಕಲ್ಲು, ಇಟ್ಟಿಗೆ, ಮಣ್ಣು ತುಂಬುತ್ತಾರೆ. ನೆಲ ಅಲುಗಿದಾಗ ಗೋಡೆಯ ಚೂರುಗಳು ಚೌಕಟ್ಟಿನೊಳಗೇ ಅಲುಗಿ, ಉಜ್ಜಿ, ಅದರ ಬಲವನ್ನು ಹೀರಿಕೊಳ್ಳುತ್ತವೆ. ಗೋಡೆ ಬಿರುಕು ಬಿಟ್ಟರೂ ಒಮ್ಮೆಲೇ ಕುಸಿಯುವುದಿಲ್ಲ. 2005ರಲ್ಲಿ ಇಂಥ ಎಷ್ಟೋ ಮನೆಗಳು, ಪಕ್ಕದ ಹೊಸ ಕಾಂಕ್ರೀಟ್ ಕಟ್ಟಡಗಳು ಬಿದ್ದಾಗಲೂ ಒಳಗಿದ್ದವರನ್ನು ಉಳಿಸಿದವು. ಅದನ್ನು ಕಂಡು ಪಾಕಿಸ್ತಾನದ ಪುನರ್ನಿರ್ಮಾಣ ಪ್ರಾಧಿಕಾರ ಈ ಪದ್ಧತಿಗೆ ಒಪ್ಪಿಗೆ ಕೊಟ್ಟಿತು, ಸಾವಿರಾರು ಮನೆಗಳು ಮತ್ತೆ ಹಾಗೆ ಎದ್ದವು. ಆ ಗೋಡೆಯ ಹೆಸರು ‘ಧಜ್ಜಿ ದೇವಾರಿ’. ಧಜ್ಜಿ ಎಂದರೆ ಬಟ್ಟೆಯ ಚಿಂದಿ. ಚಿಂದಿಗಳನ್ನು ಜೋಡಿಸಿ ಹೊಲಿದಂಥ ಗೋಡೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಕೌದಿಗೋಡೆ.

ಕಿಲ್ಲಾರಿಯಲ್ಲಿ ಬಿದ್ದ ಮನೆಗಳು ನಮ್ಮ ಮನೆಯಂಥವೇ. ದಪ್ಪ ಕಲ್ಲಿನ ಗೋಡೆ, ಮಧ್ಯೆ ಮಣ್ಣು, ಮೇಲೆ ವರ್ಷ ವರ್ಷವೂ ಮಣ್ಣು ಹಾಕಿ ಭಾರವಾದ ಮಾಳಿಗೆ. ಬಿಸಿಲಿಗೆ ಅದು ತಂಪು. ಆದರೆ ಗೋಡೆಯ ಒಳಮೈ ಹೊರಮೈಗಳನ್ನು ಕೂಡಿಸುವ ಹಾಯ್ದ ಕಲ್ಲುಗಳಿಲ್ಲದೆ, ಸುತ್ತಲೂ ಬಿಗಿಯುವ ಪಟ್ಟಿಯಿಲ್ಲದೆ ಅವು ಬಾಯಿಬಿಟ್ಟವು. ಆ ರಾತ್ರಿ ನಮ್ಮ ಗೋಡೆ ನಿಂತದ್ದು ನಾವು ಪುಣ್ಯವಂತರೆಂದಲ್ಲ. ಬಿರುಕು ಇನ್ನೊಂದು ಊರಿನ ಕೆಳಗಿತ್ತು, ಅಷ್ಟೇ.

ದಾದಿ ತೀರಿಕೊಂಡು ಬಹಳ ವರ್ಷವಾಯಿತು. ಅವರ ಹಸುವಿನ ಕಥೆಯನ್ನು ನಾನು ನನ್ನ ಮಕ್ಕಳಿಗೆ ಹೇಳಿದ್ದೇನೆ, ಕಥೆಯಾಗಿ. ಅದರಲ್ಲಿ ಒಂದು ಒಳ್ಳೆಯ ಗುಣವಿದೆ ಎಂದು ಈಗ ಹೊಳೆಯುತ್ತದೆ. ಹಸು ದಣಿದು ಕೊಂಬು ಬದಲಿಸುತ್ತದೆಯೇ ಹೊರತು ಯಾರನ್ನೂ ಶಿಕ್ಷಿಸಲು ಅಲ್ಲ. ದಾದಿಯಾಗಲಿ ಆಯಿಯಾಗಲಿ ಸತ್ತವರ ಪಾಪ ಎಣಿಸಲಿಲ್ಲ. ಸುದ್ದಿ ಬಂದ ಸಂಜೆ ಇಬ್ಬರೂ ಸೇರಿ ಓಣಿಯಲ್ಲಿ ರೊಟ್ಟಿ ಕೂಡಿಸಿ ಗಂಟು ಕಟ್ಟಿ ಲಾರಿಗೆ ಕೊಟ್ಟರು. ಮರುವರ್ಷ ಬೇಸಿಗೆಯಲ್ಲಿ ಅಬ್ಬಾ ಮಾಳಿಗೆಯ ಅರ್ಧ ಮಣ್ಣನ್ನು ಕೆಳಗಿಳಿಸಿದರು. ಮನೆ ಸ್ವಲ್ಪ ಬಿಸಿಯಾಯಿತು. ಸೆಕೆಗೆ ಎಲ್ಲರೂ ಗೊಣಗಿದರು, ದಾದಿಯೊಬ್ಬರನ್ನು ಬಿಟ್ಟು.